ಅರಳೆಯ ಗಂಟು

ನವರಾತ್ರಿಗೆ ಇನ್ನೂ ಎಂಟು ಹತ್ತು ದಿನಗಳಿರುವಾಗ, ಮಳೆ ಹಿಂದೆಗೆದು ಬಿಸಿಲು ಹದವಾಗಿ ಬೀಳತೊಡಗಿದ ಹೊತ್ತಿಗೆ, ಧಾರವಾಡ ಸೀಮೆಯ ಹಳ್ಳಿಗಳ ಓಣಿಗಳಲ್ಲಿ ಒಂದು ನಾದ ಕೇಳಿಬರುತ್ತಿತ್ತು. ಅದು ಏಕತಾರಿಯದಲ್ಲ, ತಂಬೂರಿಯದಲ್ಲ. ಆದರೂ ತಂತಿಯದೇ ನಾದ. ಆಳೆತ್ತರದ ಬಿಲ್ಲೊಂದನ್ನು ಹೆಗಲಿಗೇರಿಸಿ, ನಡೆಯುತ್ತ ನಡೆಯುತ್ತಲೇ ಅದರ ತಂತಿಯನ್ನು ಬೆರಳಿನಿಂದ ಮೀಟುತ್ತ ಪಿಂಜಾರನು ಬರುತ್ತಿದ್ದನು. ಬಳೆಗಾರನಂತೆ, ಪಾತ್ರೆಯವನಂತೆ ಅವನು ಬಾಯಿಬಿಟ್ಟು ಕೂಗುತ್ತಿರಲಿಲ್ಲ. 'ಟೊಂಯ್' ಎಂಬ ಆ ಒಂದು ಸದ್ದೇ ಸಾಕಾಗಿತ್ತು. ಅಟ್ಟದ ಮೇಲೆ ಸುತ್ತಿಟ್ಟ ಹಳೆಯ ಗಾದಿಗಳ ನೆನಪು ಮನೆಮನೆಯ ಹೆಣ್ಣುಮಕ್ಕಳಿಗೆ ಒಮ್ಮೆಲೇ ಆಗುತ್ತಿತ್ತು.

ಅಂಥ ಒಂದು ಓಣಿಯ ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬಳಿದ್ದಾಳೆ. ವಯಸ್ಸು ಎಂಬತ್ತರ ಹತ್ತಿರ. ಕಣ್ಣು ಮಂದವಾಗಿದೆ, ಆದರೆ ಸೂಜಿಗೆ ದಾರ ಪೋಣಿಸಲು ಇಂದಿಗೂ ಮತ್ತೊಬ್ಬರ ಹಂಗಿಲ್ಲ. ಅವಳ ಕೋಣೆಯ ಮೂಲೆಯಲ್ಲಿ, ಇಳಕಲ್ಲ ಸೀರೆಯ ಹಳೆಯ ತುಂಡೊಂದರಲ್ಲಿ ಬಿಗಿದ ಗಂಟೊಂದು ಬಹುಕಾಲ ಕುಳಿತಿತ್ತು. ಮೊಮ್ಮಕ್ಕಳು ಚಿಕ್ಕವರಿದ್ದಾಗ ಅದರೊಳಗೆ ಬಂಗಾರವಿದೆಯೆಂದು ಬಗೆದಿದ್ದರು. ದೊಡ್ಡವರಾದ ಮೇಲೆ ಬಿಚ್ಚಿ ನೋಡಿದರೆ ಅದರಲ್ಲಿದ್ದುದು ಹತ್ತಿ. ಅದೂ ಹೊಸ ಹತ್ತಿಯಲ್ಲ, ಗಾದಿ ರಜಾಯಿಗಳನ್ನು ತುಂಬಿದ ಮೇಲೆ ಉಳಿದ ಚೂರುಪಾರು. ಅಂಗೈಯಗಲದ ತುಂಡುಗಳು, ಗೇಣುದ್ದದ ಪಟ್ಟಿಗಳು, ಉಂಡೆಗಟ್ಟಿದ ಗಂಟುಗಳು. ಇದನ್ನೇಕೆ ಕಟ್ಟಿಟ್ಟಿದ್ದಾಳೆ ಎಂದು ನಕ್ಕವರೇ ಹೆಚ್ಚು. ಅಜ್ಜಿ ಆ ನಗೆಗೆ ಎಂದೂ ಉತ್ತರ ಕೊಟ್ಟವಳಲ್ಲ.

ಹತ್ತಿಯ ಗಾದಿಯೆಂದರೆ ಒಮ್ಮೆ ತುಂಬಿ ಮುಗಿಸುವ ವಸ್ತುವಲ್ಲ. ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯೇ ಗಾದಿಯ ಮೆತ್ತನೆ, ಅದೇ ರಜಾಯಿಯ ಬಿಸುಪು. ಹತ್ತಿ ಬೆಚ್ಚಗಿರುತ್ತದೆ ಎಂದು ಹೇಳುವುದು ರೂಢಿಯಾದರೂ, ನಿಜವಾಗಿ ಮೈಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುವುದು ಆ ನಿಂತ ಗಾಳಿ. ನಾಲ್ಕಾರು ವರ್ಷ ಮೈಭಾರ ಬಿದ್ದರೆ ಎಳೆಗಳು ಒಂದನ್ನೊಂದು ಒತ್ತಿ ಗಾಳಿ ಹೊರಟುಹೋಗುತ್ತದೆ, ಗಾದಿ ಹಲಗೆಯಂತಾಗುತ್ತದೆ. ಹತ್ತಿ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಆ ಓಣಿಗೆ ಬರುತ್ತಿದ್ದ ಪಿಂಜಾರನು ಗಟ್ಟಿಯಾದ ಹತ್ತಿಯ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು, "ಇದು ಸತ್ತ ಹತ್ತಿ ಅಲ್ರಿ ಅಕ್ಕಾರ, ನಿದ್ದಿ ಮಾಡಿದ ಹತ್ತಿ. ಎಬ್ಬಿಸಿದ್ರ ಏಳತೈತಿ" ಎನ್ನುತ್ತಿದ್ದನು.

ಎಬ್ಬಿಸುವ ಕೆಲಸವನ್ನು ನೋಡಬೇಕು. ಅಂಗಳದಲ್ಲಿ ಚಾಪೆ ಹಾಸಿ, ಗಾದಿಯ ಹೊಲಿಗೆ ಬಿಚ್ಚಿ, ಹತ್ತಿಯನ್ನು ಒಂದೆರಡು ದಿನ ಬಿಸಿಲಿಗೆ ಹರವುತ್ತಾರೆ. ಒಣಗಿದ ಮೇಲೆ ಕೋಲಿನಿಂದ ಬಡಿದು ದೂಳು ಕೊಡವುತ್ತಾರೆ. ಆಮೇಲೆ ಪಿಂಜಾರನು ಬಿಲ್ಲನ್ನು ಅಡ್ಡಲಾಗಿ ಹಿಡಿದು, ಅದರ ನರದ ತಂತಿಯು ಹತ್ತಿಯ ರಾಶಿಯನ್ನು ಮುಟ್ಟಿಯೂ ಮುಟ್ಟದಂತೆ ಇಳಿಸಿ, ನಡು ತೆಳ್ಳಗೆ ತುದಿ ದಪ್ಪಗೆ ಇರುವ ಮರದ ಬಡಿಗೆಯಿಂದ ತಂತಿಯನ್ನು ಹೊಡೆಯುತ್ತಾನೆ. ತಂತಿ ನಡುಗುತ್ತದೆ, ಆ ನಡುಕಕ್ಕೆ ಎಳೆಗಳು ಬಿಡಿಬಿಡಿಯಾಗಿ ಚಿಮ್ಮುತ್ತವೆ, ಭಾರವಾದ ಕಸ, ಬೀಜದ ಸಿಪ್ಪೆ, ಎಲೆಯ ಪುಡಿ ಕೆಳಗೆ ಬೀಳುತ್ತವೆ. ಒಂದು ತಾಸಿನಲ್ಲಿ ಬುಟ್ಟಿಯಷ್ಟಿದ್ದ ಹತ್ತಿ ಅಂಗಳ ತುಂಬುತ್ತದೆ. ಆಮೇಲೆ ಅದನ್ನು ಪಟ್ಟೆಯ ಗಾದಿಬಟ್ಟೆಯೊಳಗೆ ಸಮನಾಗಿ ಹರವಿ, ದಬ್ಬಣದಿಂದ ಅಲ್ಲಲ್ಲಿ ಹುರಿಯ ಹೊಲಿಗೆ ಹಾಕಿದರೆ ಹಳೆಯ ಗಾದಿಯೇ ಹೊಸದು.

ಇದಕ್ಕೆ ಎಲ್ಲ ಹತ್ತಿಯೂ ಒಂದೇ ಅಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಮಿಶ್ರತಳಿಯನ್ನು ಬೆಳಕಿಗೆ ತಂದಾಗ ನೂಲುವವರಿಗೆ ಉದ್ದನೆಯ, ನಯವಾದ ಎಳೆ ದೊರೆಯಿತು. ಆದರೆ ಗಾದಿಗೆ ಬೇಕಾದುದು ನಯವಲ್ಲ, ಪುಟಿಯುವ ಗುಣ. ಎರೆಯ ಹೊಲದ ಜವಾರಿ ಹತ್ತಿಯ ಎಳೆ ಗಿಡ್ಡ, ಒರಟು. ಒತ್ತಿದರೆ ಮತ್ತೆ ಏಳುತ್ತದೆ. ಅಜ್ಜಿಯ ಮನೆಯ ಗಾದಿಗಳಲ್ಲಿದ್ದುದು ಅದೇ. ಅವಳು ಮದುವೆಯಾಗಿ ಬಂದಾಗ ಮಾವನ ಹೊಲದಲ್ಲಿ ಬಿಡಿಸಿದ ಹತ್ತಿಯಿಂದ ತುಂಬಿದ ಗಾದಿಗಳು ಅವು.

ಗಾದಿ ತುಂಬಿದ ಮೇಲೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಎಲ್ಲವನ್ನೂ ತುರುಕಿದರೆ ಗಾದಿ ಉಬ್ಬಿ ಗುಡ್ಡವಾದೀತು. ಮೂಲೆ ಸರಿಮಾಡುವಾಗ ಹರಿದು ತೆಗೆದ ತುಣುಕುಗಳೂ ಇರುತ್ತವೆ. ಹೆಚ್ಚಿನ ಮನೆಗಳಲ್ಲಿ ಅದು ಗಾಳಿಗೆ ಹಾರಿ ಬೇಲಿಗೆ ಸಿಕ್ಕುತ್ತಿತ್ತು, ಇಲ್ಲವೇ ಒಲೆಗೆ ಹೋಗುತ್ತಿತ್ತು. ಅಜ್ಜಿಯ ಮನೆಯಲ್ಲಿ ಹಾಗಲ್ಲ. ಪಿಂಜಾರನು ಬಿಲ್ಲಿನ ತಂತಿ ಸಡಿಲಿಸುವ ಹೊತ್ತಿಗೆ ಅವಳು ಮೊರ ಹಿಡಿದು ಅಂಗಳಕ್ಕೆ ಬರುತ್ತಿದ್ದಳು. ಕುಕ್ಕರುಗಾಲಲ್ಲಿ ಕುಳಿತು ಉಳಿದುದನ್ನು ಗುಂಪೆಗಳಾಗಿ ವಿಂಗಡಿಸುತ್ತಿದ್ದಳು.

ಹೊಸದಾಗಿ ಸೇರಿಸಲು ತಂದು ಮಿಕ್ಕಿದ, ಯಾರೂ ಇನ್ನೂ ಮಲಗದ ಹತ್ತಿ ಮೊದಲನೆಯ ಗುಂಪೆ. ಅದು ದೇವರ ಗೂಡಿಗೆ. ಮೈಸೋಂಕಿದ ಹತ್ತಿ ದೀಪಕ್ಕೆ ಸಲ್ಲದೆಂಬುದು ಅವಳ ಕಟ್ಟುನಿಟ್ಟು. ಅದರಲ್ಲಿಯೂ ಆಯ್ಕೆಯಿದೆ. ಎಳೆ ಉದ್ದವಾಗಿ ಬರುವುದನ್ನು ಅಂಗೈ ಮೇಲೆ ಹೊಸೆದು ಎಳೆಬತ್ತಿ, ಗೆಜ್ಜೆವಸ್ತ್ರ ಮಾಡುವಳು. ಗಿಡ್ಡ ಎಳೆಯದು ಹೂಬತ್ತಿಗೆ: ಚಿಟಿಕೆ ಹತ್ತಿಯನ್ನು ಕಾಸಿನಗಲ ಬಿಡಿಸಿ, ನಡುವನ್ನು ಮೇಲಕ್ಕೆತ್ತಿ, ವಿಭೂತಿ ಮುಟ್ಟಿದ ಬೆರಳಿನಿಂದ ತುದಿಯನ್ನು ತಿರುಪಿದರೆ ಆಯಿತು. ಕಾರ್ತಿಕ ಮಾಸವಿಡೀ ಆ ಮನೆಗೆ ಅಂಗಡಿಯ ಬತ್ತಿ ಬರುತ್ತಿರಲಿಲ್ಲ.

ಎರಡನೆಯದು ಹಿಂಜಿದ ಹಳೆಯ ಹತ್ತಿಯ ಪದರುಗಳು. ಇವುಗಳ ಮೇಲೆ ಅವಳಿಗೆ ವಿಶೇಷ ಮಮತೆ. ಅಂಗೈಯಗಲದ ಹತ್ತು ತುಂಡುಗಳಿಂದ ಒಂದು ಹಾಳೆಯನ್ನು ಜೋಡಿಸುವುದು ಸುಲಭದ ಕೆಲಸವಲ್ಲ. ತುಂಡಿನ ಮೇಲೆ ತುಂಡು ಏರಿಸಿದರೆ ಅಲ್ಲಿ ದಿಣ್ಣೆಯಾಗಿ ಮಲಗಿದವನ ಬೆನ್ನಿಗೆ ಒತ್ತುತ್ತದೆ. ನಡುವೆ ಸಂದು ಬಿಟ್ಟರೆ ಅದೇ ಸಂದಿನಿಂದ ಚಳಿ ಒಳಗೆ ಬರುತ್ತದೆ. ಅದಕ್ಕಾಗಿ ಅವಳು ತುಂಡುಗಳ ಅಂಚನ್ನು ಕತ್ತರಿಯಿಂದ ಕತ್ತರಿಸುತ್ತಿರಲಿಲ್ಲ, ಕೈಯಿಂದ ಹರಿಯುತ್ತಿದ್ದಳು. ಹರಿದ ಅಂಚಿನಲ್ಲಿ ಎಳೆಗಳು ಚಾಚಿಕೊಂಡಿರುತ್ತವೆ. ಅಂಥ ಎರಡು ಅಂಚುಗಳನ್ನು ಪಕ್ಕಕ್ಕೆ ಪಕ್ಕ ತಾಗಿಸಿ, ಬೆರಳಿನಿಂದ ಹಗುರಾಗಿ ತಟ್ಟಿದರೆ ಒಂದರ ಎಳೆ ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. ಮೇಲೆ ಕೆಳಗೆ ಸವೆದ ಧೋತರದ ಬಟ್ಟೆಯಿಟ್ಟು, ಕೂಡಿದ ಗೆರೆಯುದ್ದಕ್ಕೂ ಅಡ್ಡಾದಿಡ್ಡಿ ಸಡಿಲ ಹೊಲಿಗೆ ಹಾಕುವಳು. ಬಿಗಿಯಾಗಿ ಎಳೆದರೆ ಹತ್ತಿ ಅಲ್ಲಿ ಸೊರಗುತ್ತದೆ. ಇಡೀ ಹತ್ತಿಯ ರಜಾಯಿಗೆ ಗೇಣಿಗೊಂದು ಹೊಲಿಗೆಯ ಸಾಲು ಸಾಕಾದರೆ, ಜೋಡಿಸಿದ ಹತ್ತಿಗೆ ನಾಲ್ಕು ಬೆರಳಿಗೊಂದು ಬೇಕು. ಇಲ್ಲದಿದ್ದರೆ ನಾಲ್ಕು ಸಲ ಕೊಡವಿದೊಡನೆ ತುಂಡುಗಳೆಲ್ಲ ಕಾಲ್ದೆಸೆಗೆ ಬಂದು ಕೂಡುತ್ತವೆ. ಇಂಥ ಹಾಳೆಗಳಿಂದ ಆ ಮನೆಯ ತೊಟ್ಟಿಲುಗಳಿಗೆ ಮೆತ್ತೆಗಳಾದವು, ಕೂಸುಗಳ ಕುಲಾಯಿಗಳಿಗೆ ಒಳಪದರಾಯಿತು, ಮೊಣಕಾಲು ನೋವಿನವರಿಗೆ ಕೂಡುವ ಮಣೆಯ ಮೇಲಿನ ಹಾಸಾಯಿತು.

ಕೌದಿಗೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದಲ್ಲ. ಕೌದಿಯಲ್ಲಿ ಹತ್ತಿಯೇ ಇರುವುದಿಲ್ಲ. ಹಳೆಯ ಬಟ್ಟೆಯ ಪದರುಗಳೇ ಅದರ ಒಡಲು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಕೌದಿಯನ್ನು, ಅದರ ನಾಲ್ಕು ಮೂಲೆಗಳಿಗೆ ಅವರು ಕೂಡಿಸುವ ಬಟ್ಟೆಯ ಹೂಗಳನ್ನು ನೋಡಿದವರು ಮರೆಯಲಾರರು. ಬಟ್ಟೆಯ ತುಂಡಿಗೆ ಬಣ್ಣವಿದೆ. ಆದುದರಿಂದ ಅದನ್ನು ಜೋಡಿಸಿದವರಿಗೆ ಹೊಗಳಿಕೆಯೂ ಇದೆ. ಒಳಗೆ ಅಡಗಿರುವ ಹತ್ತಿಯ ತುಂಡನ್ನು ಯಾರೂ ನೋಡುವುದಿಲ್ಲ.

ಹಿಂಜಲು ಬಾರದ ಗಂಟುಗಳು ಮೂರನೆಯ ಗುಂಪೆ. ಅವು ನೀರಿನ ಕೊಡಕ್ಕೆ ಸಿಂಬಿಯಾಗಿ, ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆಯ ಒಡಲಾಗಿ, ಹುಡುಗರ ಚೆಂಡಾಗಿ, ನೊಗ ತಿಂದ ಎತ್ತಿನ ಹೆಗಲಿಗೆ ಮೆತ್ತೆಯಾಗಿ ಹೋಗುತ್ತಿದ್ದವು. ಹಿಡಿಬಟ್ಟೆಗೆ ಮಾತ್ರ ಅವಳು ದಪ್ಪ ಬಟ್ಟೆಯನ್ನೇ ಹೊದಿಸಿ ಅಂಚನ್ನು ಎರಡು ಸಲ ಹೊಲಿಯುವಳು. ಹತ್ತಿ ಹೊರಗೆ ಇಣುಕಿದರೆ ಒಲೆಯ ಕಿಡಿಯೊಂದೇ ಸಾಕು.

ಕಟ್ಟಕಡೆಗೆ ದೂಳು. ಅದನ್ನೂ ಗುಡಿಸಿ ತಿಪ್ಪೆಗೆ ಹಾಕುವಳು. ಹತ್ತಿಯೆಂಬುದು ಹೆಚ್ಚಿನ ಪಾಲು ಸೆಲ್ಯುಲೋಸ್. ಗಿಡ ಕಟ್ಟಿದ್ದು, ಮಣ್ಣಿನ ಜೀವಾಣುಗಳಿಗೆ ಪರಿಚಿತ ಆಹಾರ. ಒಂದು ಮಳೆಗಾಲ ಕಳೆದರೆ ಹುಡುಕಿದರೂ ಸಿಗದು. ಈಚೆಗೆ ಪೇಟೆಯಿಂದ ಬಂದ ರಜಾಯಿಯೊಂದು ಹರಿದಾಗ ಅದರೊಳಗಿನ ಬೆಳ್ಳನೆಯ ಪಾಲಿಯೆಸ್ಟರ್ ಅರಳೆಯನ್ನೂ ಅವಳು ಅದೇ ಬಗೆಯಲ್ಲಿ ತಿಪ್ಪೆಗೆ ಹಾಕಿದಳು. ಎರಡು ವರ್ಷಗಳ ಬಳಿಕ ಗೊಬ್ಬರ ತೋಡುವಾಗ ಅದು ಹಾಕಿದ ಹಾಗೆಯೇ ಹೊರಬಂದಿತು. ಹಾಗೆಂದು ಅದನ್ನು ಸುಮ್ಮನೆ ಹಳಿಯಲಾಗದು. ಅದು ಹಗುರ, ಒಗೆದರೆ ಬೇಗ ಒಣಗುತ್ತದೆ, ಬೇಗ ಗಂಟುಗಟ್ಟುವುದಿಲ್ಲ. ಗೊಂಬೆಗೆ, ದಿಂಬಿಗೆ ಅದರ ಚೂರನ್ನು ತುಂಬಬಹುದು. ಬಿಸಿ ಪಾತ್ರೆಯ ಹತ್ತಿರ ಮಾತ್ರ ತರಬಾರದು, ಕರಗುತ್ತದೆ. ಅಜ್ಜಿ ತಿಪ್ಪೆಯಲ್ಲಿ ಸಿಕ್ಕ ಆ ಮುದ್ದೆಯನ್ನು ತೊಳೆದು ಒಣಗಿಸಿ ಮೊಮ್ಮಗನ ಸೈಕಲ್ಲಿನ ಸೀಟಿಗೆ ಹೊಲಿದಳು.

ಇಷ್ಟನ್ನು ಕೇಳಿದವರು ಇದನ್ನು ಮಿತವ್ಯಯವೆಂದೇ ತಿಳಿಯುತ್ತಾರೆ. ಉಳಿತಾಯ ಮಾಡುವ ಗೃಹಿಣಿಯೆಂದು ಅವಳನ್ನು ಊರೂ ಹೊಗಳಿದೆ. ಆದರೆ ಆ ಗಂಟಿನ ಮೂಲ ಉಳಿತಾಯದಲ್ಲಿ ಇಲ್ಲ.

1975ರ ನವರಾತ್ರಿಯ ಹೊತ್ತು. ನಾದಿನಿಯ ಮದುವೆ ನಿಶ್ಚಯವಾಗಿತ್ತು. ಬೀಗರು ಬರುವ ಮುನ್ನ ಗಾದಿಗಳನ್ನೆಲ್ಲ ಹಿಂಜಿಸಬೇಕೆಂದು ಅತ್ತೆಯ ಅಪ್ಪಣೆಯಾಯಿತು. ಮಳೆಗಾಲವಿಡೀ ಅಟ್ಟದ ಮೇಲಿದ್ದ ಐದು ಗಾದಿಗಳನ್ನು ಇಳಿಸಿ, ಹೊಲಿಗೆ ಬಿಚ್ಚಿ, ಮಂಜು ಆರದ ಮುಂಜಾವಿನಲ್ಲಿಯೇ ತಕ್ಕಡಿಯಲ್ಲಿ ತೂಗಿದರು: ಹತ್ತಿ ನಲವತ್ತು ಕಿಲೋ ಇದ್ದಿತು. ತೂಗಿದವಳು ಇದೇ ಅಜ್ಜಿ. ಆಗ ಅವಳು ಆ ಮನೆಯ ಕಿರಿಯ ಸೊಸೆ. ಎರಡು ದಿನ ಬಿಸಿಲು ಕಾಯಿಸಿದರು. ಪಿಂಜಾರನೂ ಅವಳ ವಯಸ್ಸಿನವನೇ, ತಂದೆಯ ಬಿಲ್ಲನ್ನು ಹೆಗಲಿಗೆ ಹಾಕಿ ನಾಲ್ಕೈದು ವರ್ಷಗಳಾಗಿದ್ದವು. ಮೂರು ದಿನ ಹಿಂಜಿದನು. ಮೂರನೆಯ ದಿನ ಇಳಿಹೊತ್ತಿನಲ್ಲಿ, ಬಿಸಿಲಿಗೆ ಕಾದ ಹತ್ತಿಯನ್ನು ಮತ್ತೆ ತೂಗಿದರೆ ಮೂವತ್ತಾರೂವರೆ ಕಿಲೋ ಬಂದಿತು.

"ಮೂರೂವರಿ ಕಿಲೋ ಎಲ್ಲಿ ಹೋತು?" ಎಂದು ಸೊಸೆ ಕೇಳಿದಳು.

"ದೂಳಾಗಿ ಹೋಗೈತ್ರಿ ಅಕ್ಕಾರ."

"ಮೂರೂವರಿ ಕಿಲೋ ದೂಳಾ?"

ಕೇಳಿದವಳ ದನಿಯಲ್ಲಿ ಏನಿದ್ದಿತೋ, ಪಡಸಾಲೆಯಲ್ಲಿದ್ದ ಅತ್ತೆಯ ಬಾಯಿಂದ ಅದು ಮಾತಾಗಿ ಹೊರಬಿದ್ದಿತು: "ಪಿಂಜಾರರ ಮನ್ಯಾಗ ಗಾದಿ ಹೆಂಗ ದಪ್ಪ ಇರ್ತಾವು ಅನ್ನೋದು ಈಗ ತಿಳೀತು." ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಮಂದಿ ನಕ್ಕರು. ಅವನು ಏನೂ ಹೇಳಲಿಲ್ಲ. ತನ್ನ ಚೀಲವನ್ನು ಅಂಗಳದ ನಡುವೆ ಬೋರಲು ಹಾಕಿ ಕೊಡವಿದನು. ಮರದ ಬಡಿಗೆ, ಸುತ್ತಿಟ್ಟ ತಂತಿ, ರೊಟ್ಟಿ ಕಟ್ಟಿಕೊಂಡು ಬಂದ ಬಟ್ಟೆ, ಇಷ್ಟೇ ಬಿದ್ದವು. ಅವುಗಳನ್ನು ಆಯ್ದುಕೊಂಡು, ಕೂಲಿಯ ಹಣವನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೊರಟುಹೋದನು.

ತೂಕದ ಈ ಸಂಶಯ ಆ ಮನೆಯೊಂದರದೇ ಅಲ್ಲ. ಅಕ್ಕಸಾಲಿಗನ ಮೇಲೆ ಚಿನ್ನದ, ಸಿಂಪಿಗನ ಮೇಲೆ ಬಟ್ಟೆಯ ಗುಮಾನಿ ಇರುವಂತೆ ಪಿಂಜಾರನ ಮೇಲೆ ಹತ್ತಿಯದು. ತಮ್ಮ ಮುಂದೆಯೇ, ತಮ್ಮ ಅಂಗಳದಲ್ಲಿಯೇ ಕುಳಿತು ದುಡಿಯುವವನನ್ನು ಜನ ಹೇಗೆ ಶಂಕಿಸಿದರೋ ತಿಳಿಯದು. ಸಾಬರಮತಿಯಲ್ಲಿ ನೂಲುವ ಪ್ರಯೋಗ ಆರಂಭವಾದಾಗ ಹಂಜಿ ಮಾಡಿಕೊಡುವವರಿಲ್ಲದೆ ಗಾಂಧೀಜಿ ಪರದಾಡಿದ ಸಂಗತಿ ಅವರ ಆತ್ಮಕಥೆಯಲ್ಲಿದೆ. ಗಂಗಾಬೆಹನ್ ಎಂಬ ಮಹಿಳೆ ಹುಡುಕಿ ತಂದ ಪಿಂಜಾರನು ತಿಂಗಳಿಗೆ 35 ರೂಪಾಯಿ ಕೇಳಿದನು. ಆ ಕಾಲಕ್ಕೆ ಅದು ದೊಡ್ಡ ಮೊತ್ತ, ಆದರೂ ಅವರಿಗೆ ಹೆಚ್ಚೆನಿಸಲಿಲ್ಲ. ಕದಿರ ರೆಮ್ಮವ್ವೆಯಂಥ ನೂಲುವ ಕಾಯಕದ ಶರಣೆಯ ಹೆಸರು ಎಂಟು ಶತಮಾನ ದಾಟಿ ಬಂದಿದೆ. ನೂಲಿಗೆ ಮೊದಲು ಅರಳೆಯನ್ನು ಹದಗೊಳಿಸಿದ ಕೈಗಳ ಹೆಸರು ಅಪರೂಪ. ನದಾಫ ಎಂಬ ಅಡ್ಡಹೆಸರು ಅರಬ್ಬಿಯಿಂದ ಬಂದುದು. ಅದರ ಅರ್ಥವೇ ಹತ್ತಿ ಹಿಂಜುವವನು ಎಂದು. ಆ ಹೆಸರಿನ ಎಷ್ಟೋ ಕುಟುಂಬಗಳ ಮನೆಮಾತು ಕನ್ನಡ.

ಮರುವರ್ಷ ಅವನು ಬರಲಿಲ್ಲ. ಅವನ ಬದಲು ಬೇರೆ ಊರಿನ ಹುಡುಗನೊಬ್ಬ ಬಂದನು. ಈ ಸಲ ಎರಡೇ ಗಾದಿ, ಇಪ್ಪತ್ತು ಕಿಲೋ. ಹಿಂಜಿದ ಮೇಲೆ ತೂಗಿದರೆ ಒಂದೂವರೆ ಕಿಲೋಕ್ಕಿಂತ ಹೆಚ್ಚು ಕಡಿಮೆ! ಸೊಸೆ ತಕ್ಕಡಿಯ ಮುಂದೆ ನಿಂತವಳು ನಿಂತಂತೆಯೇ ಇದ್ದಳು. ಯಾರಿಗೂ ಹೇಳಲಿಲ್ಲ. ಹುಡುಗನು ಹೋದ ಮೇಲೆ ಅಂಗಳವನ್ನೂ ಗೋಡೆಯ ಮೂಲೆಗಳನ್ನೂ ಗುಡಿಸಿ, ಕಸವನ್ನು ಸಾಣಿಸಿ ತೂಗಿದಳು. ಮುಕ್ಕಾಲು ಕಿಲೋ ಆಯಿತು. ಮಿಕ್ಕುದು ಎಲ್ಲಿ? ಹೊರಡುವಾಗ ಆ ಹುಡುಗನ ಹುಬ್ಬು, ರೆಪ್ಪೆ, ಕಿವಿಯ ರೋಮಗಳೆಲ್ಲ ಬೆಳ್ಳಗಾಗಿದ್ದುದು, ಬಾವಿಕಟ್ಟೆಯಲ್ಲಿ ಅವನು ಬಹಳ ಹೊತ್ತು ಕೆಮ್ಮಿದುದು ಅವಳಿಗೆ ನೆನಪಾಯಿತು.

ಸಂತೆಗೆ ಹೋಗುವವರ ಮೂಲಕ ಅವಳು ಹಳಬನಿಗೆ ಹೇಳಿಕಳುಹಿಸಿದಳು. ಒಂದು ಸಲವಲ್ಲ, ಮೂರು ಸಲ. ಮುಂದಿನ ನವರಾತ್ರಿಗೆ ಓಣಿಯಲ್ಲಿ ಮತ್ತೆ ಅದೇ ತಂತಿಯ ನಾದ ಕೇಳಿಬಂದಿತು. ತಪ್ಪಾಯಿತು ಎಂಬ ಮಾತನ್ನು ಅವಳು ಆಡಲಿಲ್ಲ. ಅತ್ತೆಯ ಎದುರಿನಲ್ಲಿ ಆ ಕಾಲದ ಸೊಸೆ ಆಡುವಂತೆಯೂ ಇರಲಿಲ್ಲ. ತಕ್ಕಡಿಯನ್ನು ಮಾತ್ರ ಹಿತ್ತಿಲ ಹೇವಿನ ಹಿಂದೆ ಅಡಗಿಸಿ, ಅದರ ಸರಪಳಿ ಹರಿದಿದೆಯೆಂದು ಸುಳ್ಳು ಹೇಳಿದಳು. ಕೆಲಸ ಮುಗಿದು ಅವನು ಹೊರಟಾಗ ಉಳಿದ ಹತ್ತಿಯನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಮುಂದೆ ಹಿಡಿದಳು.

"ಒಯ್ಯಿರಿ. ಮನ್ಯಾಗ ಕೂಸಿಗೆ ದಿಂಬಾದೀತು."

ಅವನು ಗಂಟನ್ನು ನೋಡಿದನು, ಕಟ್ಟೆಯ ಮೇಲಿನ ಜನವನ್ನೂ ನೋಡಿದನು. "ಬ್ಯಾಡ್ರಿ ಅಕ್ಕಾರ," ಎಂದನು. "ಈ ಬಾಗಲದಾಗಿಂದ ನಾ ಹತ್ತಿ ಹೊತಗೊಂಡ ಹೊಂಟ್ರ ನೋಡಿದವ್ರು ಏನಂದಾರು?"

ಗಂಟು ಅವಳ ಕೈಯಲ್ಲಿಯೇ ಉಳಿಯಿತು. ಪ್ರತಿ ವರ್ಷವೂ ಅವನು ಬಂದನು, ಹಿಂಜಿದನು, ಊಟ ಮಾಡಿದನು, ಹೋದನು. ಉಳಿದ ಹತ್ತಿಯನ್ನು ಮಾತ್ರ ಮುಟ್ಟಲಿಲ್ಲ. ಅವನು ಒಯ್ಯಲಾರದ ಆ ಹತ್ತಿಯನ್ನು ಒಲೆಗೆ ಹಾಕಲು ಅವಳ ಕೈ ಬಾರದಾಯಿತು. ಮನೆಗೆ ಬೇಕಾದಷ್ಟನ್ನು ಬಳಸಿ, ಪ್ರತಿ ಸಲದ ಪಾಲಿನಲ್ಲಿ ಒಳ್ಳೆಯ ನಾಲ್ಕು ಪದರುಗಳನ್ನು ಆ ಗಂಟಿಗೆ ಸೇರಿಸುತ್ತ ಬಂದಳು. ಬೇವಿನೆಲೆಯನ್ನು ಹಾಕಿ, ವರ್ಷಕ್ಕೆರಡು ಸಲ ಬಿಸಿಲು ಕಾಯಿಸಿ ಮತ್ತೆ ಕಟ್ಟಿಡುತ್ತಿದ್ದಳು.

ಕಾಲ ಸರಿಯಿತು. ಫೋಮಿನ ಹಾಸಿಗೆಗಳು ಬಂದವು. ವಿದ್ಯುತ್ತಿನ ಯಂತ್ರದಿಂದ ಗಂಟೆಯೊಳಗೆ ಗಾದಿಯ ಹತ್ತಿಯನ್ನು ಹಿಂಜಿಕೊಡುವ ಅಂಗಡಿಗಳು ಪೇಟೆಯಲ್ಲಾದವು. ಪಿಂಜಾರನ ಮಕ್ಕಳು ಬಿಲ್ಲು ಹಿಡಿಯಲಿಲ್ಲ. ಒಬ್ಬ ಆಟೋ ಓಡಿಸುತ್ತಾನೆ, ಇನ್ನೊಬ್ಬ ಗ್ಯಾರೇಜಿನಲ್ಲಿದ್ದಾನೆ. ಅವನಿಗೂ ಕೆಮ್ಮು ಹೆಚ್ಚಿ ಬರುವುದು ನಿಂತಿತು. ಹತ್ತಿಯ ದೂಳಿನಿಂದ ಬರುವ ಎದೆಬೇನೆಗೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ನಾರು ಹಿಕ್ಕುವವರ ಉಬ್ಬಸವನ್ನು ಇಟಲಿಯ ವೈದ್ಯ ರಾಮಾಜಿನಿ 1700ರಷ್ಟು ಹಿಂದೆಯೇ ಬರೆದಿಟ್ಟನು. ನಮ್ಮ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲಿಯೂ ಇದು ಸೇರಿತು. ಗಿರಣಿಯ ಕೆಲಸಗಾರನು ರಜೆ ಮುಗಿಸಿ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಇದರ ಗುರುತು. ಓಣಿಯಿಂದ ಓಣಿಗೆ ಬಿಲ್ಲು ಹೊತ್ತು ತಿರುಗುವವನಿಗೆ ಕಾರ್ಖಾನೆ ಯಾವುದು, ರಜೆಯಾದರೂ ಯಾವುದು?

ಕೆಲವು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ಓದುತ್ತಿದ್ದ ಮೊಮ್ಮಗಳು ದಸರೆಯ ರಜೆಗೆ ಬಂದಿದ್ದಳು. ಅಜ್ಜಿ ಗಂಟನ್ನು ಬಿಸಿಲಿಗೆ ಹರವುತ್ತಿರುವುದನ್ನು ನೋಡಿ ಮಾತಿಗೆ ಮಾತು ಬಂದು, ತಾನು ಪಾಠದಲ್ಲಿ ಕಲಿತುದನ್ನು ಹೇಳಿದಳು. ಹತ್ತಿಯು ಗಾಳಿಯಲ್ಲಿರುವ ನೀರನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ನೂರು ಕಿಲೋ ಪೂರ್ತಿ ಒಣಗಿದ ಹತ್ತಿ ಸಾಧಾರಣ ಹವೆಯಲ್ಲಿ ಸುಮಾರು ಎಂಟು ಕಿಲೋ ನೀರನ್ನು ಹಿಡಿದಿರುತ್ತದೆ. ನೂಲಿನ ವ್ಯಾಪಾರದಲ್ಲಿ ಇದನ್ನು 8.5 ಎಂದು ಗೊತ್ತುಮಾಡಿ ಲೆಕ್ಕ ಹಿಡಿಯುತ್ತಾರೆ. ಮಳೆಗಾಲದ ತಂಪಿನಲ್ಲಿ ನೀರು ಇನ್ನೂ ಹೆಚ್ಚು; ಸುಡುಬಿಸಿಲಿನಲ್ಲಿ ಅದರ ಅರ್ಧವೂ ಉಳಿಯದಿರಬಹುದು. ಕೈಗೆ ಒದ್ದೆಯೆನಿಸುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ತಿಳಿಯುತ್ತದೆ.

ಅಜ್ಜಿ ಕೈಯಲ್ಲಿದ್ದ ಪದರನ್ನು ಕೆಳಗಿಟ್ಟಳು. "ಹಂಗಾರ ನಲವತ್ತ ಕಿಲೋದಾಗ?" ಎಂದಳು.

ಮೊಮ್ಮಗಳು ಲೆಕ್ಕ ಹಾಕಿದಳು. ಅಟ್ಟದಿಂದ ಇಳಿಸಿದ ಮುಂಜಾವಿನ ಹತ್ತಿಗೂ ಬಿಸಿಲು ಕಾದ ಇಳಿಹೊತ್ತಿನ ಹತ್ತಿಗೂ ನೀರಿನದೇ ಎರಡು ಕಿಲೋ ಅಂತರ ಬಂದರೆ ಆಶ್ಚರ್ಯವಿಲ್ಲ; ಉಳಿದ ಒಂದೂವರೆ ದೂಳು. ಯಾಕೆ ಕೇಳುತ್ತೀ ಎಂದು ಅವಳು ಕೇಳಿದಳು. ಅಜ್ಜಿ ಬಹಳ ಹೊತ್ತಿನ ಮೇಲೆ, ಯಾರಿಗೂ ಅಲ್ಲವೆಂಬಂತೆ, "ನೀರಿನ ಸಲುವಾಗಿ ನಾಕ ಮಂದ್ಯಾಗ ಅವನ ಮಾನಾ ಕಳದೆ" ಎಂದಳು.

ಮರುದಿನದಿಂದ ಅವಳು ಗಂಟಿನ ಹತ್ತಿಯನ್ನು ಜೋಡಿಸತೊಡಗಿದಳು. ಬೆಳಗಿನ ಬಿಸಿಲಿರುವಾಗ ಎರಡು ತಾಸು, ಅಷ್ಟೇ. ಅದಕ್ಕಿಂತ ಹೆಚ್ಚು ಕಣ್ಣು ತಡೆಯುತ್ತಿರಲಿಲ್ಲ. ಹಳೆಯ ಪದರುಗಳನ್ನು ಬೆರಳಿನಿಂದಲೇ ಬಿಡಿಸಿ, ಅಂಚು ಹರಿದು, ಪಕ್ಕಕ್ಕೆ ಪಕ್ಕ ತಾಗಿಸಿ, ಧೋತರದ ಬಟ್ಟೆಯ ನಡುವೆ ಹಿಡಿದು ಹೊಲಿದಳು. ಮೇಲಿನ ಹೊದಿಕೆಗೆ ತನ್ನದೇ ಎರಡು ಇಳಕಲ್ಲ ಸೀರೆಗಳನ್ನು ಕೊಟ್ಟಳು. ನಾಲ್ಕು ಬೆರಳಿಗೊಂದು ಸಾಲು ಎಂಬ ನೇಮವನ್ನು ಬಿಟ್ಟು ಮೂರು ಬೆರಳಿಗೆ ಇಳಿಸಿದಳು. ಸುಗ್ಗಿ ಮುಗಿದು ಚಳಿ ಹಿಂದೆಗೆಯುವ ಹೊತ್ತಿಗೆ ಒಬ್ಬರು ಧಾರಾಳವಾಗಿ ಹೊದೆಯಬಹುದಾದ ರಜಾಯಿ ಸಿದ್ಧವಾಯಿತು. ಮೂಲೆಯಲ್ಲಿ ಗಂಟಿದ್ದ ಜಾಗ ಬರಿದಾಯಿತು.

ಆ ಯುಗಾದಿ ಕಳೆದು ಎಂಟು ದಿನಕ್ಕೆ ಪಿಂಜಾರನು ಬಂದನು. ಹೆಗಲ ಮೇಲೆ ಬಿಲ್ಲಿರಲಿಲ್ಲ. ಮೊಮ್ಮಗನ ಮದುವೆಯ ಲಗ್ನಪತ್ರಿಕೆ ಕೈಯಲ್ಲಿದ್ದಿತು. ಓಣಿಯ ತುದಿಯಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡನು. ನೀರು ಕುಡಿದು, ಪತ್ರಿಕೆ ಕೊಟ್ಟು, "ಬರಬೇಕ್ರಿ ಅಕ್ಕಾರ" ಎಂದನು. ಅಜ್ಜಿ ಒಳಗೆ ಹೋಗಿ ರಜಾಯಿಯನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು.

ಅವನು ಅದರ ಬಣ್ಣವನ್ನು ನೋಡಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಡಿದು, ಮೂಲೆಯಿಂದ ಮೂಲೆಗೆ ಹಿಸುಕುತ್ತ ಹೋದನು. ಒಂದೆಡೆ ಬೆರಳು ನಿಂತಿತು. "ಇದು ನಿಮ್ಮ ಮಾವನವರ ಹೊಲದ ಜವಾರಿ ಹತ್ತಿ," ಎಂದನು. ಇನ್ನೊಂದೆಡೆ, "ಇದು ಆಮ್ಯಾಲಿಂದು, ಪ್ಯಾಟಿ ಹತ್ತಿ ಕೂಡಿಸಿದ ವರ್ಷದ್ದು." ಜೋಡಿಸಿದ ಗೆರೆಗಳನ್ನು ಹುಡುಕಿದನು, ಅವು ಬೆರಳಿಗೆ ಸಿಕ್ಕಲಿಲ್ಲ. ತಲೆಯಾಡಿಸಿದನು. ಆಮೇಲೆ ಕಸಬಿನ ರೂಢಿಯಂತೆ ಎರಡು ಕೈಗಳಲ್ಲಿ ರಜಾಯಿಯನ್ನು ಎತ್ತಿ ಹಿಡಿದು, ಭಾರವನ್ನು ಅಂದಾಜು ಮಾಡುತ್ತ ಕೇಳಿದನು:

"ಎಷ್ಟ ಐತ್ರಿ ಇದು? ಎರಡೂವರಿ ಕಿಲೋ?"

"ತೂಗಿಲ್ಲ," ಎಂದಳು ಅಜ್ಜಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ರಜಾಯಿಯನ್ನು ಉದ್ದಕ್ಕೆ ಮಡಿಚಿ, ಎಂದೋ ಬಿಲ್ಲಿದ್ದ ಹೆಗಲ ಮೇಲೆ ಹಾಕಿಕೊಂಡು, ತಲೆಬಾಗಿಲಿನಿಂದಲೇ ಹೊರಗೆ ಬಂದನು. ಮಟಮಟ ಮಧ್ಯಾಹ್ನ. ಎದುರಿನ ಕಟ್ಟೆಯ ಮೇಲೆ ಜನ ಕುಳಿತಿದ್ದರು. ಅಜ್ಜಿ ಓಣಿಯ ತಿರುವಿನವರೆಗೂ ಅವನ ಜೊತೆಯಲ್ಲಿ ನಡೆದು ಹೋದಳು.